ವೆಂಕಟಸುಬ್ಬಯ್ಯನೂ ಡೋರಿಯನ್ ಗ್ರೇನೂ ಒಂದೇ ಥರದವರಾ?

ಚಿತ್ರದುರ್ಗದಲ್ಲಿ ಸಾಹಿತ್ಯದ ಮಾತು ಎಲ್ಲೇ ಶುರುವಾಗಲಿ, ತ.ರಾ.ಸು. ಹತ್ತಿರ ಬಂದೇ ಬರುತ್ತದೆ. ಅವರ ‘ಹಂಸಗೀತೆ’ ಕಾದಂಬರಿಯ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ ಇಲ್ಲಿಯವರಿಗೆ ಮನೆಯ ಹಿರಿಯನಿದ್ದ ಹಾಗೆ. ತಮ್ಮ ಬದುಕನ್ನೇ ಕಲಾಕೃತಿ ಮಾಡಿಕೊಳ್ಳಲು ಹೊರಟ ಪಾತ್ರಗಳ ಬಗ್ಗೆ ನಾನು ಯಾವಾಗ ಮಾತಾಡಿದರೂ ಯಾರಾದರೂ ಕೇಳುತ್ತಾರೆ: “ಸರ್, ಹಾಗಾದ್ರೆ ನಮ್ಮ ವೆಂಕಟಸುಬ್ಬಯ್ಯನೂ ಅದೇ ಸಾಲಿನವನಲ್ವಾ?”

ಅಲ್ಲ ಅಂತಲೇ ನನ್ನ ಉತ್ತರ.

ಆ ಸಾಲಿನ ಅಪ್ಪಟ ಮಾದರಿ ನೋಡಬೇಕಾದರೆ ಹ್ಯೂಸ್ಮಾನ್ಸ್ 1884ರಲ್ಲಿ ಪ್ರಕಟಿಸಿದ ಫ್ರೆಂಚ್ ಕಾದಂಬರಿಯ ದೆಸೆಸೇಂತ್ ಇದ್ದಾನೆ. ಜನರ ಸಹವಾಸ ಸಾಕಾಗಿ ಪ್ಯಾರಿಸ್ ಬಿಟ್ಟು ಬಂದ ಶ್ರೀಮಂತ. ಗೋಡೆಯ ಬಣ್ಣದಿಂದ ಹಿಡಿದು ಕುಡಿಯುವ ಮದ್ಯದ ತನಕ ಎಲ್ಲವೂ ಅವನ ರುಚಿಗೆ ಹೊಂದಬೇಕು. ಒಂದು ರತ್ನಗಂಬಳಿಯ ಬಣ್ಣ ಎದ್ದು ಕಾಣಲಿ ಅಂತ ಅದರ ಮೇಲೆ ಬಿಡಲು ಆಮೆ ತರಿಸುತ್ತಾನೆ. ಆಮೆ ಮಂಕಾಗಿ ಕಾಣುತ್ತದೆ. ಚಿಪ್ಪಿಗೆ ಚಿನ್ನದ ಲೇಪ ಹಾಕಿಸುತ್ತಾನೆ. ಅದೂ ಸಾಲದೆ ಹರಳು ಕೂರಿಸುತ್ತಾನೆ. ಆ ಭಾರ ತಾಳದೆ ಆಮೆ ಸಾಯುತ್ತದೆ. ಆ ಕಾದಂಬರಿಯಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಆ ಆಮೆಯೇ. ಸೊಗಸು ಅವನದು, ಹೊತ್ತದ್ದು ಅದು.

ಆಸ್ಕರ್ ವೈಲ್ಡ್‌ನ ಇಂಗ್ಲಿಷ್ ಕಾದಂಬರಿಯ ಡೋರಿಯನ್ ಗ್ರೇ ಇದನ್ನೇ ಮನುಷ್ಯರಿಗೆ ಮಾಡುತ್ತಾನೆ. ಸಿಬಿಲ್ ವೇನ್ ಎಂಬ ನಟಿಯನ್ನು ಪ್ರೀತಿಸುತ್ತಾನೆ. ಒಂದು ರಾತ್ರಿ ಆಕೆ ಕೆಟ್ಟದಾಗಿ ನಟಿಸಿದಳು ಅಂತ ಕೈಬಿಡುತ್ತಾನೆ. ನಿಜವಾದ ಪ್ರೀತಿ ಕಂಡ ಮೇಲೆ ಅವಳಿಗೆ ನಾಟಕದ ಪ್ರೀತಿಯಲ್ಲಿ ಮನಸ್ಸು ನಿಂತಿರಲಿಲ್ಲ, ಅಷ್ಟೇ. ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ. ಸುದ್ದಿ ತಿಳಿದ ದಿನವೇ ಇವನು ಒಪೆರಾ ನೋಡಲು ಹೋಗುತ್ತಾನೆ! ಅವನು ಚಿತ್ರ ಬರೆದವನಲ್ಲ, ಶಿಲ್ಪ ಕೆತ್ತಿದವನಲ್ಲ, ಬದುಕೇ ಅವನ ಕಲೆ. ಗೆಳೆಯ ಲಾರ್ಡ್ ಹೆನ್ರಿ ಅವನನ್ನು ಮೆಚ್ಚುವುದೇ ಅದಕ್ಕೆ.

ಈಗ ದುರ್ಗಕ್ಕೆ ಬನ್ನಿ. 1779ರಲ್ಲಿ ಕೋಟೆ ಹೈದರಾಲಿಯ ಪಾಲಾಯಿತು. ಮುಂದೆ ಟಿಪ್ಪುವಿನ ಎದುರು ಹಾಡಬೇಕೆಂಬ ಒತ್ತಾಯ ಬಂದಾಗ ತ.ರಾ.ಸು. ಅವರ ವೆಂಕಟಸುಬ್ಬಯ್ಯ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಇದೂ ಒಂದು ದೊಡ್ಡ ಪ್ರದರ್ಶನವೇ ಅಲ್ವಾ ಅಂತ ವಾದ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವನಿಗೆ ಸಂಗೀತ ತನಗಿಂತ ದೊಡ್ಡದು. ತಾನು ಹೇಗೆ ಕಾಣುತ್ತೇನೆ ಎಂಬ ಚಿಂತೆ ಅವನಿಗಿಲ್ಲ. ಕತ್ತರಿಸಿದ್ದೂ ತನ್ನದೇ ನಾಲಿಗೆ.

ಸರ್ವಾಂಟಿಸ್‌ನ ಸ್ಪ್ಯಾನಿಷ್ ಕಾದಂಬರಿಯ ಡಾನ್ ಕ್ವಿಕ್ಸೋಟ್ ವಿಷಯ ಮಾತ್ರ ಇಷ್ಟು ಸುಲಭವಲ್ಲ. ವೀರಗಾಥೆಗಳನ್ನು ಓದಿ ಓದಿ, ತನ್ನ ಬದುಕೂ ಹಾಗೇ ಇರಬೇಕು ಅಂತ ಹೊರಟ ಮುದುಕ. ಏಟು ತಿನ್ನುವುದು ಹೆಚ್ಚಾಗಿ ಅವನೇ. ಅದಕ್ಕೇ ಅವನ ಮೇಲೆ ಪ್ರೀತಿ ಬರುತ್ತದೆ. ಆದರೆ ಆಂಡ್ರೆಸ್ ಎಂಬ ಹುಡುಗನಿದ್ದಾನೆ. ಅವನ ಯಜಮಾನ ಅವನನ್ನು ಮರಕ್ಕೆ ಕಟ್ಟಿ ಹೊಡೆಯುತ್ತಿರುತ್ತಾನೆ. ಕ್ವಿಕ್ಸೋಟ್ ಬಿಡಿಸಿ, ನ್ಯಾಯ ಮಾಡಿದೆ ಅಂತ ಹೆಮ್ಮೆಯಿಂದ ಹೊರಟುಹೋಗುತ್ತಾನೆ. ಆಮೇಲೆ ಹುಡುಗನಿಗೆ ಇನ್ನೂ ಜೋರಾಗಿ ಹೊಡೆತ ಬೀಳುತ್ತದೆ. ಮುಂದೊಮ್ಮೆ ದಾರಿಯಲ್ಲಿ ಸಿಕ್ಕಾಗ, ನನ್ನನ್ನು ಯಾರಾದರೂ ತುಂಡು ತುಂಡು ಮಾಡುತ್ತಿದ್ದರೂ ನೀನು ಸಹಾಯಕ್ಕೆ ಬರಬೇಡ ಅಂತ ಆ ಹುಡುಗ ಶಪಿಸುತ್ತಾನೆ. ಕ್ವಿಕ್ಸೋಟ್ ನನಗೆ ತುಂಬ ಇಷ್ಟ. ಆ ಪುಟದಲ್ಲಿ ಮಾತ್ರ ನಾನು ಹುಡುಗನ ಪರ.