ನಮ್ಮ ಮಾಡೆಲ್‌ನಲ್ಲಿ ಯಾರಿಗೂ ಕೆಲಸ ಹೋಗುವುದಿಲ್ಲ

ವ್ಯಾಪಾರ ಒಪ್ಪಂದಗಳಿಂದ ಏನೇನಾಗಬಹುದು ಅಂತ ಮುಂಚೆಯೇ ಲೆಕ್ಕ ಹಾಕುವುದು ನನ್ನ ಕೆಲಸ. ಹೊಸದಾಗಿ ಸೇರಿದಾಗ ಒಂದು ಕರಡು ವರದಿ ಬರೆದಿದ್ದೆ. ಸುಂಕ ಇಳಿದರೆ ರಫ್ತು ಎಷ್ಟು ಏರುತ್ತದೆ, ಜಿಡಿಪಿ ಎಷ್ಟು ಏರುತ್ತದೆ, ಎಲ್ಲ ಇತ್ತು. ಕೊನೆಯಲ್ಲಿ ‘ಒಟ್ಟು ಉದ್ಯೋಗಕ್ಕೆ ತೊಂದರೆ ಇಲ್ಲ’ ಅಂತ ಒಂದು ಸಾಲು. ನಮ್ಮ ಮೇಡಂ ಅಲ್ಲೇ ನಿಂತರು. “ಆಮದು ಜಾಸ್ತಿಯಾಗಿ ಮುಚ್ಚಿಹೋಗುವ ಕಾರ್ಖಾನೆಯವರು ಎಲ್ಲಿಗೆ ಹೋದರು? ತೋರಿಸಿ.”

ಹುಡುಕಿದೆ. ಇಡೀ ಆರ್ಥಿಕತೆಯನ್ನು ಸಮೀಕರಣಗಳಲ್ಲಿ ಹಿಡಿದು ಲೆಕ್ಕ ಹಾಕುವ, ನಾವು ಬಳಸುವ ಸಿಜಿಇ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಒಟ್ಟು ಉದ್ಯೋಗ ಬದಲಾಗುವುದಿಲ್ಲ ಅಂತ ಮೊದಲೇ ಇಟ್ಟುಕೊಂಡಿರುತ್ತೇವೆ. ಒಂದು ಕಡೆ ಕೆಲಸ ಬಿಟ್ಟವರು ಇನ್ನೊಂದು ಕಡೆ ಸೇರಿಬಿಡುತ್ತಾರೆ. ಅಂದರೆ ಆ ಸಾಲು ಲೆಕ್ಕದಿಂದ ಬಂದದ್ದೇ ಅಲ್ಲ, ಲೆಕ್ಕಕ್ಕೆ ನಾನೇ ಹಾಕಿದ್ದು! ಅದನ್ನೇ ಫಲಿತಾಂಶ ಅಂತ ಬರೆದಿದ್ದೆ. ಈಗ ನೆನೆದರೂ ಮನಸ್ಸಿಗೆ ಚುಚ್ಚುತ್ತದೆ.

ಅಮೆರಿಕ, ಕೆನಡಾ, ಮೆಕ್ಸಿಕೊ ನಡುವೆ 1994ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದ ನಾಫ್ಟಾ ನೋಡಿ. ಸುಂಕ ಇಳಿದದ್ದರಿಂದ ಅಮೆರಿಕಕ್ಕೆ ಆದ ಒಟ್ಟು ಲಾಭ ಶೇ. 0.08 ಅಂತ ಅರ್ಥಶಾಸ್ತ್ರಜ್ಞರಾದ ಕಲಿಯೆಂಡೊ ಮತ್ತು ಪಾರೊ 2015ರಲ್ಲಿ ಅಂದಾಜು ಮಾಡಿದರು. ಸಣ್ಣದು, ಆದರೂ ಲಾಭವೇ ಅಲ್ವಾ? ಮರುವರ್ಷ ಹಕೋಬ್ಯಾನ್ ಮತ್ತು ಮೆಕ್ಲಾರೆನ್ 1990 ಮತ್ತು 2000ರ ಜನಗಣತಿ ಹಿಡಿದು ಊರೂರಿನ ಲೆಕ್ಕ ಬಿಡಿಸಿದರು. ಹೆಚ್ಚು ಪೆಟ್ಟು ಬಿದ್ದ ಉದ್ಯಮ ಮತ್ತು ಊರುಗಳಲ್ಲಿ, ಕಡಿಮೆ ಓದಿದ ಕೆಲಸಗಾರರ ಸಂಬಳ ಉಳಿದವರಷ್ಟು ಏರಲೇ ಇಲ್ಲ. ಆಮದಿಗೂ ತಮಗೂ ಸಂಬಂಧವೇ ಇಲ್ಲದ ಸೇವಾ ಕೆಲಸದವರಿಗೂ ಆ ಊರುಗಳಲ್ಲಿ ಅದೇ ಗತಿ. ಸರಾಸರಿಯಲ್ಲಿ ಇವರು ಕಾಣುವುದಿಲ್ಲ.

ಪರಿಸರದ ಕಥೆಯೂ ಹೀಗೆಯೇ. ಮಾಡೆಲ್‌ನಲ್ಲಿ ಜಮೀನಿನ ಒಟ್ಟು ಅಳತೆ ಸ್ಥಿರ ಅಂತ ಇಟ್ಟರೆ ಹೊಸದಾಗಿ ಕಾಡು ಕಡಿಯುವ ಮಾತೇ ಬರುವುದಿಲ್ಲ. ದನದ ಮಾಂಸ, ಸೋಯಾ ಇರುವ ಒಪ್ಪಂದಕ್ಕೆ ಅದು ಸಣ್ಣ ವಿಷಯವಲ್ಲ.

ಇನ್ನೊಂದು, ಸಮಯ. ಯುರೋಪಿಯನ್ ಒಕ್ಕೂಟ ಮತ್ತು ದಕ್ಷಿಣ ಅಮೆರಿಕದ ದೇಶಗಳ ವ್ಯಾಪಾರ ಕೂಟವಾದ ಮರ್ಕೊಸೂರ್ ನಡುವಿನ ಮಾತುಕತೆ 2019ರ ಜೂನ್‌ನಲ್ಲಿ ಒಪ್ಪಂದಕ್ಕೆ ಬಂದಾಗ ಅದರ ಪರಿಣಾಮ ಅಧ್ಯಯನವೇ ಮುಗಿದಿರಲಿಲ್ಲ. ಒಕ್ಕೂಟದ ಆಡಳಿತದ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್ 2021ರಲ್ಲಿ ಇದನ್ನು ಆಡಳಿತ ಲೋಪ ಅಂತಲೇ ಹೇಳಿದರು. ಸರಿಯಾಗಿ ಹೇಳಿದರು ಅನ್ನಿಸುತ್ತದೆ. ಸಹಿಗೆ ಎಲ್ಲ ಸಿದ್ಧವಾದ ಮೇಲೆ ಬಂದ ವರದಿ ಯಾರ ಕೈ ತಡೆಯುತ್ತದೆ?

ಈಗ ನನ್ನ ವರದಿಗಳ ಮೊದಲ ಪುಟದಲ್ಲೇ ‘ನಾವು ಮೊದಲೇ ಇಟ್ಟುಕೊಂಡದ್ದು’ ಅಂತ ಒಂದು ಪಟ್ಟಿ ಇರುತ್ತದೆ. ಉದ್ಯೋಗ, ಜಮೀನು ಎರಡನ್ನೂ ಸಡಿಲಿಸಿ ಇನ್ನೊಮ್ಮೆ ಲೆಕ್ಕ ಹಾಕುತ್ತೇನೆ. ಎರಡೂ ಉತ್ತರಗಳನ್ನು ಅಕ್ಕಪಕ್ಕ ಇಡುತ್ತೇನೆ.