ನೀಟ್ ಕೈಕೊಟ್ಟ ಮೇಲೆ

ಅಕ್ಕನ ಮಗಳು ಪಿಯುಸಿಯಲ್ಲಿ ಪಿಸಿಬಿ, ಅಂದ್ರೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿದವಳು. ಡಾಕ್ಟರ್ ಸೀಟಿನ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಅಂಕ ಸಾಲಲಿಲ್ಲ. "ಚಿಕ್ಕಮ್ಮಾ, ಆಸ್ಪತ್ರೆ ಕೆಲಸ ಅಂದ್ರೆ ಡಾಕ್ಟರ್ ಮಾತ್ರಾನಾ?" ಅಂತ ಕೇಳಿದಳು. ನನಗೂ ಅಷ್ಟೇ ಗೊತ್ತಿತ್ತು ಅನ್ನಿ.

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಪಾಂಪ್ಲೆಟ್ ಕೊಟ್ಟ. 'ನೇರ ನರ್ಸಿಂಗ್ ಸೀಟು'. ಹಾಸ್ಟೆಲ್ ಫೋಟೋ ನಾಲ್ಕು, ಮಾನ್ಯತೆ ಬಗ್ಗೆ ಒಂದು ಸಾಲೂ ಇಲ್ಲ. ಫೋನ್ ಮಾಡಿದರೆ ಮೊದಲು ಕೇಳಿದ್ದೇ ಅಡ್ವಾನ್ಸ್. ಆ ಕಾಗದ ಕಡಲೆಕಾಯಿ ಸಿಪ್ಪೆ ಹಾಕೋಕೆ ಆಯಿತು.

ಆಮೇಲೆ ಪರಿಚಯದ ಲ್ಯಾಬ್ ಟೆಕ್ನಿಷಿಯನ್ ಒಬ್ಬರ ಹತ್ತಿರ ಹೋದೆವು. ಅವರು ನೇರಳೆ ಮುಚ್ಚಳದ ಪುಟ್ಟ ಟ್ಯೂಬ್ ತೋರಿಸಿದರು. ಒಳಗೆ ಇಡಿಟಿಎ ಅನ್ನೋ ರಾಸಾಯನಿಕ ಇರುತ್ತೆ, ಅದರಿಂದ ರಕ್ತ ಹೆಪ್ಪುಗಟ್ಟಲ್ಲ. ರಕ್ತ ತುಂಬಿದ ತಕ್ಷಣ ಮೆಲ್ಲಗೆ ತಲೆಕೆಳಗೆ ಮಾಡಿ ಮತ್ತೆ ನೇರ ಮಾಡಬೇಕು, ಹೀಗೇ ಎಂಟರಿಂದ ಹತ್ತು ಸಲ. ಜೋರಾಗಿ ಕುಲುಕಿದರೆ ರಕ್ತಕಣ ಒಡೆಯುತ್ತೆ. ಹುಡುಗಿ ಕಣ್ಣು ಮಿಟುಕಿಸದೆ ನೋಡಿದಳು.

ದಾರಿಗಳನ್ನೂ ಅವರೇ ಹೇಳಿದರು. ಬಿಎಸ್‌ಸಿ ನರ್ಸಿಂಗ್ 4 ವರ್ಷ, ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ 3, ಎಎನ್‌ಎಂ ಅನ್ನೋ ಸಹಾಯಕ ನರ್ಸ್ ಕೋರ್ಸ್ 2. ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್ ಡಿಪ್ಲೊಮಾಗಳಿಗೆ ಪ್ಯಾರಾಮೆಡಿಕಲ್ ಬೋರ್ಡ್ ಇದೆ. ಬಿಎಸ್‌ಸಿ ನರ್ಸಿಂಗಿನ ಸರ್ಕಾರಿ ಕೋಟಾ ಸೀಟು ಹಂಚೋದು ಕೆಇಎ, ಅಂದ್ರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಕಾಲೇಜಿನ ಹೆಸರು ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಕಡೆ ತಲೆ ಹಾಕಿಯೂ ಮಲಗಬೇಡಿ ಅಂದರು. ಅರ್ಧ ಗಂಟೆಯಲ್ಲಿ ಇಷ್ಟು! ನಾನು ಸುಮ್ನೆ ಒಂದು ವಾರ ಮೊಬೈಲ್ ಉಜ್ಜಿದ್ದೆ.

ಸಂಜೆ ನೋಡಿದರೆ ಇವಳು ಅಕ್ಕನ ಕೆಮ್ಮಿನ ಸಿರಪ್ ಬಾಟಲಿಯನ್ನು ಮೆಲ್ಲಗೆ ತಲೆಕೆಳಗೆ ಮಾಡುತ್ತಾ ಎಣಿಸುತ್ತಿದ್ದಾಳೆ.

"ಅದನ್ನ ಚೆನ್ನಾಗಿ ಕುಲುಕಬೇಕು ಕಣೇ" ಅಂದೆ.