ಅಕ್ಷರದ ಬಾಲ ಕೊನೆಗೂ ಹೋಯಿತು: ಮುಚ್ಚಿದ ಟಾಕೀಸಿನ ಪ್ರೊಜೆಕ್ಟರ್, ಕೆಲಸ ಎಲ್ಲಿಗೆ ಬಂತು

ಕಪ್ಪು ಪರದೆಯ ಮೇಲೆ ಬಿಳಿ ಟೈಟಲ್ ಈಗ ಕೊರೆದಿಟ್ಟ ಹಾಗೆ ನಿಲ್ಲುತ್ತಿದೆ. ದಾವಣಗೆರೆಯ ಮುಚ್ಚಿದ ಟಾಕೀಸೊಂದರಿಂದ ಇಳಿಸಿದ 35 ಎಂಎಂ ಜೋಡಿಯಲ್ಲಿ ಒಂದನೇ ಮಷೀನು ಇದು. ಗೇಟ್ (ಫಿಲ್ಮು ಬೆಳಕಿನ ಮುಂದೆ ಇಳಿಯುವ ಕಿಂಡಿ) ಶುಚಿ, ಎಣ್ಣೆ, ಬೆಲ್ಟ್, ಸ್ಪ್ರಾಕೆಟ್ ಎಲ್ಲರೂ ಮಾಡಿರುವ ಕೆಲಸಗಳೇ, ಅವನ್ನು ಬಿಡೋಣ. ಐದು ವಾರ ತಿಂದದ್ದು ಶಟರ್, ಅಂದರೆ ಫಿಲ್ಮು ಸರಿಯುವಾಗ ಬೆಳಕನ್ನು ಮರೆಮಾಡುವ, ಎರಡು ರೆಕ್ಕೆಯ ತಿರುಗುವ ತಟ್ಟೆ.

ಪ್ರತಿ ಬಿಳಿ ಅಕ್ಷರಕ್ಕೂ ಮೇಲೊಂದು, ಕೆಳಗೊಂದು ಹೊಗೆಯಂಥ ಬಾಲ. ಫಿಲ್ಮು ಗೇಟಿನಲ್ಲಿ ತಲೆಕೆಳಗಾಗಿ ಇಳಿಯುವುದರಿಂದ ಪರದೆಯ ಮೇಲೆ ಚಲನೆ ಮೇಲಕ್ಕೆ ಕಾಣುತ್ತದೆ. ಹಾಗಾಗಿ ಬಾಲ ಮೇಲಿದ್ದರೆ ಶಟರ್ ತಡವಾಗಿ ಮುಚ್ಚುತ್ತಿದೆ, ಕೆಳಗಿದ್ದರೆ ಫ್ರೇಮ್ ಕೂರುವ ಮೊದಲೇ ತೆರೆಯುತ್ತಿದೆ. ಒಂದೇ ಕಡೆ ಇದ್ದಿದ್ದರೆ ಶಟರನ್ನು ಸ್ವಲ್ಪ ತಿರುಗಿಸಿ ಬಿಗಿದರೆ ಮುಗಿಯುತ್ತಿತ್ತು. ಇಲ್ಲಿ ಮೇಲಿನದನ್ನು ಕಳೆದರೆ ಕೆಳಗಿನದು ದಪ್ಪವಾಗುತ್ತಿತ್ತು. ಎರಡೂ ಕಡೆ ಬಾಲ ಬಂದರೆ ಅನುಮಾನ ಎರಡೇ: ಗೇರಿನ ಸಡಿಲ, ಇಲ್ಲವೇ ಸಣ್ಣಗಾದ ರೆಕ್ಕೆ. ಇಲ್ಲಿ ಎರಡೂ ಇದ್ದವು.

ಮೊದಲು ಗೇರು. ಶಟರ್ ಶಾಫ್ಟಿನಲ್ಲಿ 6 ಡಿಗ್ರಿ ಆಟ ಇತ್ತು. ಬೆಂಗಳೂರಿನ ಬಿಡಿಭಾಗದ ಅಂಗಡಿಯೊಂದಕ್ಕೆ ಹಳೆಯ ಗೇರಿನ ಫೋಟೋ, ಹಲ್ಲಿನ ಎಣಿಕೆ, ಅಳತೆ ಎಲ್ಲ ಕಳಿಸಿದರೂ ಬಂದದ್ದು ಎಡ ಓರೆಯ ಬದಲು ಬಲ ಓರೆಯ ಹಲ್ಲು. ಅದು ಕೂರುವ ಮಾತೇ ಇಲ್ಲ. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ! ಓರೆ ಹಲ್ಲಿನ ಗೇರು ತರಿಸುವವರು ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗಿ, ಅಲ್ಲೇ ಜೋಡಿಸಿ ನೋಡಿ ದುಡ್ಡು ಕೊಡಿ.

ಕೊನೆಗೆ ಗೇರು ಸಿಕ್ಕಿದ್ದು ಎರಡನೇ ಮಷೀನಿನಲ್ಲಿ, ಹಲ್ಲು ಅಷ್ಟೇನೂ ಸವೆದಿರಲಿಲ್ಲ. ಕಾರ್ಬನ್ ಕಡ್ಡಿಗಳ ನಡುವಿನ ಆರ್ಕಿನಿಂದ ಬೆಳಕು ಪಡೆಯುತ್ತಿದ್ದ ಕಾಲದಲ್ಲಿ 2000 ಅಡಿಯ ರೀಲು, ಅಂದರೆ 22 ನಿಮಿಷಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ಚೇಂಜ್‌ಓವರ್. ಎರಡೂ ಸಮವಾಗಿ ಓಡಿರಬೇಕು. ಝೆನಾನ್ ಲ್ಯಾಂಪು, ದೊಡ್ಡ ಸ್ಪೂಲು ಬಂದ ಮೇಲೆ ಒಂದೇ ಮಷೀನು ದುಡಿದಿದೆ, ಎರಡನೆಯದು ಸುಮ್ಮನೆ ನಿಂತಿದೆ. ಗೇರು ಬದಲಾದ ಮೇಲೆ ಬಾಲ ಅರ್ಧ ಇಳಿಯಿತು.

ಇನ್ನರ್ಧ ರೆಕ್ಕೆಯಲ್ಲಿತ್ತು. ಕಾಗದದ ಮೇಲೆ ಅಚ್ಚು ತೆಗೆದು ಅಳೆದರೆ ಒಂದೊಂದೂ 78 ಡಿಗ್ರಿ. ನಾಲ್ಕು ಸೀಳಿನ ಜಿನೀವಾ ಚಕ್ರ ಫಿಲ್ಮನ್ನು ಎಳೆಯುವುದು ಪಿನ್ನಿನ ಒಂದು ಸುತ್ತಿನ 90 ಡಿಗ್ರಿಯಲ್ಲಿ, ಸೆಕೆಂಡಿನ 96ನೇ ಒಂದು ಭಾಗದಲ್ಲಿ. ಎಳೆತದ ಮೊದಲೂ ಕೊನೆಯೂ ನಿಧಾನವಾದ್ದರಿಂದ ಎರಡು ಮೂರು ಡಿಗ್ರಿ ಕಡಿಮೆಯಾದರೂ ನಡೆಯುತ್ತದೆ; 12 ನಡೆಯುವುದಿಲ್ಲ. ಅಂಚಿನಲ್ಲಿ ಬಣ್ಣವಿಲ್ಲ, ಅರದ ಗೀರು ಸ್ಪಷ್ಟ. ಎರಡನೇ ಮಷೀನಿನ ರೆಕ್ಕೆಯನ್ನೂ ಅಷ್ಟೇ ಅರೆದಿದ್ದಾರೆ. ಚೇಂಜ್‌ಓವರ್ ಆದಾಗ ಬೆಳಕು ಏರುಪೇರಾಗಬಾರದು ಎಂಬ ಲೆಕ್ಕ ಇದು, ಹಾಗಾಗಿ ಎರಡೂ ಓಡುತ್ತಿದ್ದ ಕಾರ್ಬನ್ ಕಾಲದ್ದೇ ಕೆಲಸ. ತೆರೆದ ಕೋನ 180ರಿಂದ 204ಕ್ಕೆ ಏರಿದೆ, ಅಂದರೆ ಬೆಳಕು ಶೇ. 13 ಹೆಚ್ಚು. ಲೆನ್ಸ್ ಹಿಡಿಕೆಗೆ ಸ್ಕೋಪ್ (ಅಗಲ ಚಿತ್ರದ) ಲೆನ್ಸಿಗಾಗಿ ಆಮೇಲೆ ಕೊರೆದ ತೂತುಗಳೂ ಇವೆ. ಪರದೆ ಅಗಲವಾಯಿತು, ಅದೇ ಆರ್ಕಿನ ಬೆಳಕು ಹೆಚ್ಚು ಜಾಗಕ್ಕೆ ಹರಡಿ ಮಂಕಾಯಿತು, ಆಪರೇಟರ್ ಅರ ಹಿಡಿದರು ಎಂದೇ ನಮ್ಮ ಎಣಿಕೆ. ಗಾಂಧಿ ಕ್ಲಾಸಿನವರಿಗೂ ಬಾಲ್ಕನಿಯವರಿಗೂ ಚಿತ್ರ ಬೆಳಗಿ ಕಂಡಿತು, ಟೈಟಲ್ಲಿಗೆ ಮಾತ್ರ ಬಾಲ ಬಂತು. ಟಾಕೀಸಿನ ಲೆಕ್ಕದ ಪುಸ್ತಕದಲ್ಲಿ ಇದು ಇರುವುದಿಲ್ಲ. ಆದ್ದರಿಂದ ಹಳೆಯ ರೆಕ್ಕೆಗಳನ್ನು ಗುಜರಿಗೆ ಹಾಕಿಲ್ಲ, ಚೀಟಿ ಕಟ್ಟಿ ಇಟ್ಟಿದೆ.

ಹೊಸದು 1 ಮಿ.ಮೀ. ಅಲ್ಯೂಮಿನಿಯಂ ಹಾಳೆಯಲ್ಲಿ, 88 ಡಿಗ್ರಿ, ಶಾಖ ತಡೆಯುವ ಮಬ್ಬು ಕಪ್ಪು ಬಣ್ಣ. ಮೊದಲು ಎಳೆತ ಮುಚ್ಚುವ ಒಂದು ರೆಕ್ಕೆಯನ್ನಷ್ಟೇ ಅಗಲ ಮಾಡಿ ನೋಡಿದ್ದು ತಪ್ಪಾಯಿತು: ಬಾಲ ಹೋಯಿತು, ಆದರೆ ಬೆಳ್ಳನೆಯ ದೃಶ್ಯಗಳು ಮಿಣುಕತೊಡಗಿದವು. ಎರಡನೇ ರೆಕ್ಕೆ ನಿಂತ ಫ್ರೇಮನ್ನೇ ನಡುವೆ ಒಮ್ಮೆ ಮುಚ್ಚುವುದರಿಂದ 24 ಫ್ರೇಮು 48 ಮಿಂಚಾಗುತ್ತದೆ; ಸೆಕೆಂಡಿನ ಈ 48 ಮಿಂಚು ಸಮವಾಗಿರಬೇಕು, ಇಲ್ಲದಿದ್ದರೆ 24ರ ಮಿಣುಕು ಕಣ್ಣಿಗೆ ಹೊಡೆಯುತ್ತದೆ. ಎರಡೂ ಒಂದೇ ಅಳತೆ ಇರಲಿ. ಶಾಫ್ಟನ್ನು ಎರಡು ಬ್ಲೇಡಿನ ಅಂಚಿನ ಮೇಲಿಟ್ಟು ತೂಕ ಸಮ ಮಾಡಿ. ನಿಮಿಷಕ್ಕೆ 1440 ಸುತ್ತಿನಲ್ಲಿ ಸಣ್ಣ ಭಾರವೂ ಚಿತ್ರವನ್ನು ನಡುಗಿಸುತ್ತದೆ.

ಹೊಂದಿಸುವಾಗ ಲ್ಯಾಂಪು ಆರಿರಲಿ. ಕೈಯಿಂದ ತಿರುಗಿಸುತ್ತ ಫಿಲ್ಮು ನಾಲ್ಕರಲ್ಲಿ ಎರಡು ತೂತಿನಷ್ಟು ಇಳಿದಾಗ ನಿಲ್ಲಿಸಿ. ಆ ಕ್ಷಣ ರೆಕ್ಕೆಯ ನಡುಗೆರೆ ಗೇಟಿನ ಕಿಂಡಿಯ ನಡುವೆ ಬರಬೇಕು. ದಾಟಿಹೋದರೆ ಹಿಂದಕ್ಕೆ ತಿರುಗಿಸಬೇಡಿ, ಇನ್ನೊಂದು ಸುತ್ತು ಬನ್ನಿ. ಹಿಂದೆ ಬಂದರೆ ಗೇರಿನ ಆಟವೂ ಅಳತೆಯೊಳಗೆ ಸೇರಿಕೊಳ್ಳುತ್ತದೆ.

ಮುಂದೆ ಸೌಂಡು ಎಂದು ನಿಗದಿಯಾಗಿತ್ತು. ಫಿಲ್ಮಿನ ಧ್ವನಿಪಟ್ಟಿಗೆ ಬೆಳಕು ಕೊಡುವ ಎಕ್ಸೈಟರ್ ಲ್ಯಾಂಪು ಎಸಿಯಲ್ಲಿ ಉರಿದು 100 ಹರ್ಟ್ಸ್ ಗುಂಯ್ ಎನ್ನುತ್ತಿದೆ, ಡಿಸಿ ಸಪ್ಲೈ ಕಟ್ಟಬೇಕು. ಅಷ್ಟರಲ್ಲಿ ಮಷೀನಿನ ಕೆಳಗಿನ ಮರದ ಪೆಟ್ಟಿಗೆಯಲ್ಲಿ ಗಾಜಿನ ಜಾಹೀರಾತು ಸ್ಲೈಡುಗಳು ಸಿಕ್ಕಿವೆ, ಮೂರೂಕಾಲು ಇಂಚಿನ ಚೌಕದವು. ಅಂಚಿನ ಪಟ್ಟಿ ಬಿಟ್ಟುಕೊಂಡು ಒಳಗೆ ಬೂಷ್ಟು ಹತ್ತುತ್ತಿದೆ. ಸೌಂಡು ಕಾಯಬಹುದು, ಬೂಷ್ಟು ಕಾಯುವುದಿಲ್ಲ. ಬಣ್ಣ ಬಳಿದ ಬದಿಗೆ ನೀರು ತಾಗಿಸದೆ ಪಟ್ಟಿ ಬಿಚ್ಚಿ, ಒಣ ಮೆತ್ತನೆಯ ಬ್ರಶ್ಶಿನಲ್ಲಿ ಒರೆಸಿ, ಹಿಂದಿನಿಂದ ಬೆಳಕು ಕೊಟ್ಟು ಫೋಟೋ ತೆಗೆಯುವ ಚೌಕಟ್ಟು ಈ ವಾರ ತಯಾರಾಗುತ್ತದೆ.